ಹಂದಿ ಬೇಲಿಯ ನಕ್ಷತ್ರ

ಸಾಹೇಬರು ತೀರಿಕೊಂಡ ಮೇಲೆ ಬೈಲಹೊಂಗಲದಲ್ಲಿ ಶ್ರದ್ಧಾಂಜಲಿ ಸಭೆ ಆಯಿತು. ಅವರು ಬದುಕಿದ್ದಾಗ ಅವರ ಹೊಲಕ್ಕೆ ಹೋಗುವ ದಾರಿ ಯಾವುದೆಂದು ಕೇಳಿದರೆ ಹೇಳಲಾಗದ ಏಳು ಜನ ಮೈಕು ಹಿಡಿದು ಮಾತಾಡಿದರು. ಒಬ್ಬರು ‘ನಕ್ಷತ್ರಗಳ ಜೊತೆ ಮಾತಾಡಿದ ಮಹಾನುಭಾವರು’ ಅಂದರು. ಸಾಹೇಬರು ನಕ್ಷತ್ರದ ಜೊತೆ ಯಾವತ್ತೂ ಮಾತಾಡಲಿಲ್ಲ. ಮನುಷ್ಯರ ಜೊತೆಯೇ ನೆಟ್ಟಗೆ ಮಾತಾಡಿದವರಲ್ಲ. ಅವರದು ನಕ್ಷತ್ರದ ಸಪ್ಪಳ ಕೇಳುವ ಕೆಲಸ. ಇನ್ನೊಬ್ಬರು ‘ದೂರದರ್ಶಕಕ್ಕೆ ಕಣ್ಣು ಹಚ್ಚಿ ಆಯುಷ್ಯ ಕಳೆದವರು’ ಅಂದರು. ಅವರ ಯಂತ್ರಕ್ಕೆ ಕಣ್ಣು ಹಚ್ಚುವ ತೂತೇ ಇರಲಿಲ್ಲ. ಅದರ ಆಂಟೆನಾ ಮಾಡಿದವನು ನಾನು, ನನಗೆ ಗೊತ್ತಿಲ್ಲವೆ?

ಸಭೆ ಮುಗಿದ ಮೇಲೆ ನಿವೃತ್ತ ಮಾಸ್ತರರೊಬ್ಬರು ನನ್ನ ಅಂಗಡಿಗೆ ಬಂದರು. ಸ್ಮರಣ ಸಂಚಿಕೆ ತರುವ ಜವಾಬ್ದಾರಿ ಅವರದು.

“ಮಿಸ್ತ್ರಿ, ಎರಡ ಪುಟ ಬರದ ಕೊಡ್ರಿ. ಸಾಹೇಬರ ಸಂಗಾಟ ಎಂಟ ತಿಂಗಳ ಕೆಲಸ ಮಾಡೀರಿ. ಛಲೋ ಛಲೋ ಮಾತ ಬರೀರಿ.”

ಹೊದಿಕೆಯ ನಮೂನೆಯನ್ನೂ ತಂದಿದ್ದರು. ಮೇಲೆ ‘ನಮ್ಮ ಕರಿಮಣ್ಣಿನಿಂದ ನಕ್ಷತ್ರ ಹಿಡಿದವರು’ ಎಂದು ದಪ್ಪ ಅಕ್ಷರ. ಒಳಪುಟದಲ್ಲಿ ಆಂಟೆನಾದ ಚಿತ್ರ. ಅದರ ಕೆಳಗೆ ‘ತಯಾರಿಸಿದವರು’ ಎಂದು ನನ್ನ ಹೆಸರು, ಅಂಗಡಿಯ ಹೆಸರು. ಮೂವತ್ತೈದು ವರ್ಷ ಕಬ್ಬಿಣ ಕೊರೆದವನ ಹೆಸರು ಪುಸ್ತಕದಲ್ಲಿ ಬರುವುದು ಸಣ್ಣ ಮಾತಲ್ಲ. ಆದರೆ ಮೇಲಿನ ಆ ದಪ್ಪ ಅಕ್ಷರದ ಸಾಲು ಓದಿ ನಮೂನೆಯನ್ನು ಮಗುಚಿ ಇಟ್ಟೆ. ಯಾಕೆಂದರೆ ಆ ನಕ್ಷತ್ರ ಸುಳ್ಳು. ಸುಳ್ಳೆಂದು ಗೊತ್ತಿದ್ದವರು ನಾಲ್ವರು. ಒಬ್ಬರು ಸತ್ತರು. ಉಳಿದವರು ನಾನು, ಪಕ್ಕದ ಹೊಲದ ಹಂದಿ ಬೇಲಿಯ ರಾಜೇಸಾಬ, ಮತ್ತು ಅವನ ಹೆಂಡತಿ. ಆ ಸುಳ್ಳಿನ ಕೆಳಗೆ ನನ್ನ ಹೆಸರು ಅಚ್ಚಾಗಬೇಕೋ ಬೇಡವೋ ಎಂಬುದೇ ಈಗಿನ ಪ್ರಶ್ನೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಛಲೋ ಮಾತು ಬೇಕಾದವರು ಮೈಕು ಹಿಡಿದವರನ್ನು ಕೇಳಿಕೊಳ್ಳಲಿ.

ನನ್ನ ಅಂಗಡಿ ಬೈಲಹೊಂಗಲದಲ್ಲಿ ಸವದತ್ತಿ ರಸ್ತೆಗೆ ಇದೆ. ಟ್ರ್ಯಾಕ್ಟರಿನ ಟ್ರೇಲರು, ಕೂರಿಗೆ, ಗೇಟು, ಕಿಟಕಿ, ಬೇಲಿ ಕಂಬ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಅಪ್ಪನ ಕುಲುಮೆಯ ಮುಂದೆ ಕುಳಿತವನು ನಾನು. ನನ್ನ ಬೆಸುಗೆ ಬಿಟ್ಟಿತು ಎಂದು ಇವತ್ತಿನವರೆಗೆ ಯಾರೂ ವಾಪಸ್ಸು ಬಂದಿಲ್ಲ. ಅಂಥ ಅಂಗಡಿಗೆ ಒಂದು ದಿನ ಸರ್ಕಾರಿ ಬಸ್ಸಿನಿಂದ ಇಳಿದು, ಹೆಗಲಿಗೆ ಬಟ್ಟೆಯ ಚೀಲ ಹಾಕಿಕೊಂಡು ಒಬ್ಬರು ಮುದುಕರು ಬಂದರು, ಇವರೇ ಸಾಹೇಬರು. ನಮಸ್ಕಾರವಿಲ್ಲ, ಏನಿಲ್ಲ. ನೆಟ್ಟಗೆ ಹೋಗಿ ನಿಲ್ಲಿಸಿದ್ದ ಹೊಸ ಟ್ರೇಲರಿನ ಬೆಸುಗೆಯ ಮೇಲೆ ಬೆರಳಾಡಿಸಿದರು.

“ಕೋಳಿ ಹೇತಂಗ ಆಗೇತಲ್ಲೋ ಇದು.”

ನನ್ನ ಕೆಲಸಗಾರರು ನಾಲ್ಕೂ ಮಂದಿ ಕೇಳಿಸಿಕೊಂಡರು.

“ಹೊಲದಾಗ ಓಡೂ ಟ್ರೇಲರ್ ಐತ್ರೀ ಅದು. ಮದಿವಿ ಹೆಣ್ಣಲ್ಲ,” ಅಂದೆ.

“ನಾ ಮಾಡಸೂದು ಮದಿವಿ ಹೆಣ್ಣs. ನಿನ್ನ ಕೈಲೆ ಆಗತೈತೋ, ಇಲ್ಲಾ ಧಾರವಾಡಕ್ಕ ಹೋಗ್ಲೋ?”

ಧಾರವಾಡದ ಹೆಸರು ತೆಗೆದದ್ದಕ್ಕೇ ನಾನು ಒಪ್ಪಿದೆ. ಇಲ್ಲದಿದ್ದರೆ ಆ ಬಾಯಿಗೆ ಒಂದು ಕಿಟಕಿಯನ್ನೂ ಮಾಡಿ ಕೊಡುತ್ತಿರಲಿಲ್ಲ.

ಅವರ ಎರಡೂ ಕೈಗೆ ಗಡಿಯಾರ ಇದ್ದವು. ಬಲಗೈಯದು ನಮ್ಮ ನಿಮ್ಮ ವೇಳೆ. ಎಡಗೈಯದು ನಕ್ಷತ್ರದ ವೇಳೆಯಂತೆ. ನಕ್ಷತ್ರ ದಿನಾಲು ಹಿಂದಿನ ದಿನಕ್ಕಿಂತ ನಾಲ್ಕು ನಿಮಿಷ ಮುಂಚೆ ತಲೆಯ ಮೇಲೆ ಬರುತ್ತದಂತೆ, ಅದಕ್ಕಾಗಿ ಆ ಗಡಿಯಾರ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡಬೇಕಂತೆ. ಇಷ್ಟು ಲೆಕ್ಕ ಇದ್ದ ಮನುಷ್ಯ ಮುನವಳ್ಳಿಯ ಬಸ್ಸನ್ನು ಮಾತ್ರ ವಾರಕ್ಕೆ ಎರಡು ಸಲ ತಪ್ಪಿಸಿಕೊಳ್ಳುತ್ತಿದ್ದರು. ಬಸ್ಸು ಬಂದಾಗ ಎಡಗೈ ನೋಡುತ್ತಿದ್ದರು. ಆಮೇಲೆ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು, ಡ್ರೈವರನಿಗೆ ಶಿಸ್ತಿಲ್ಲವೆಂದು ಬಯ್ಯುತ್ತಿದ್ದರು.

ಹುಟ್ಟಿದ್ದು ರಾಮದುರ್ಗದಲ್ಲಿ, ನೇಕಾರರ ಮನೆಯಲ್ಲಿ. ಕಿತ್ತೂರಿನಲ್ಲಿ ಸಾಲೆ, ಧಾರವಾಡದಲ್ಲಿ ಕಾಲೇಜು. ಆಮೇಲೆ ಎಲ್ಲೋ ಬೆಟ್ಟದ ಮೇಲೆ, ಎಲ್ಲೋ ಬಯಲಿನಲ್ಲಿ, ಮನೆಗಿಂತ ದೊಡ್ಡ ಕಬ್ಬಿಣದ ಬುಟ್ಟಿಗಳನ್ನು ಆಕಾಶಕ್ಕೆ ತಿರುಗಿಸಿ ನಲವತ್ತು ವರ್ಷ. ಮದುವೆ ಆಗಲಿಲ್ಲ. ಯಾಕೆಂದು ಕೇಳಿದರೆ “ನೆನಪಾಗಲಿಲ್ಲ” ಅಂದರು.

“ನಲವತ್ತ ವರ್ಷದಾಗ ಏನ ಸಿಕ್ತರೀ?” ಎಂದು ಒಮ್ಮೆ ಕೇಳಿದೆ.

“ಹನ್ನೊಂದು.”

“ಹನ್ನೊಂದು ಏನು?”

“ನಕ್ಷತ್ರ. ಅದರಾಗ ಮೂರು ಬ್ಯಾರೇದವರು ಮೊದಲs ಕಂಡಿದ್ದರು ಅಂತ ಆಮ್ಯಾಲೆ ತಿಳೀತು.”

“ಅಂದ್ರ ಎಂಟು.”

“ಎಂಟು,” ಎಂದು ಸಿಟ್ಟಿನಿಂದ ಹೇಳಿ ಮುಖ ತಿರುಗಿಸಿದರು. ನಾನು ಎಂಟು ದಿನಕ್ಕೆ ಒಂದು ಟ್ರೇಲರು ಇಳಿಸುತ್ತೇನೆ ಎಂದು ಹೇಳಬೇಕೆಂದವನು ಗ್ರೈಂಡರ್ ಕೈಗೆತ್ತಿಕೊಂಡೆ.

ನಿವೃತ್ತಿಯಾದ ಮೇಲೆ ಸುಮ್ಮನೆ ತಂಗಿಯ ಮನೆಯಲ್ಲಿ ಕುಳಿತು ಚಹಾ ಕುಡಿಯಬಹುದಿತ್ತು. ಅದನ್ನು ಬಿಟ್ಟು, ಮುನವಳ್ಳಿ ದಾಟಿ ನವಿಲುತೀರ್ಥದ ಕಡೆಗೆ ಎರಡು ಗುಡ್ಡದ ನಡುವಿನ ಒಂದು ತಗ್ಗು ಹುಡುಕಿದರು. ಮೊಬೈಲಿಗೆ ರೇಂಜು ಸಿಗುವುದಿಲ್ಲ ಎಂದು ಆಸುಪಾಸಿನವರೆಲ್ಲ ಬಯ್ಯುವ ಜಾಗ ಅದು. ಅದೇ ಕಾರಣಕ್ಕೆ ಸಾಹೇಬರಿಗೆ ಅದು ಸ್ವರ್ಗ. ಟವರಿನ ಗದ್ದಲ ಇಲ್ಲದಿದ್ದರೆ ಆಕಾಶದ ಸಪ್ಪಳ ಕೇಳುತ್ತದಂತೆ. ಅಲ್ಲಿ ಕಾಲಿಟ್ಟ ಕೂಡಲೆ ನಮ್ಮೆಲ್ಲರ ಮೊಬೈಲು ಕಸಿದು ಒಂದು ಸ್ಟೀಲಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯುತ್ತಿದ್ದರು. ಹೆಂಗೂ ಹತ್ತದ ಮೊಬೈಲು ಡಬ್ಬಿಯಲ್ಲಿ ಯಾಕೆ ಅಂದರೆ, “ರೇಂಜ್ ಸಿಗಲಿಲ್ಲಂದ್ರ ಅದು ಇನ್ನೂ ಜೋರ ಒದರತೈತಿ, ನಿನ್ನಂಗ,” ಅಂದರು.

ಆಂಟೆನಾ ಅಂದರೆ ಕಬ್ಬಿಣದ ಚೌಕಟ್ಟಿನ ಮೇಲೆ ಸಾಲುಸಾಲಾಗಿ ಅಲ್ಯುಮಿನಿಯಂ ಸಲಾಕೆ, ಅವುಗಳ ಹಿಂದೆ ತಂತಿಯ ಜಾಳಿಗೆ. ಒಂದು ಎಕರೆಯ ತುಂಬ. ಸಲಾಕೆ ಸಲಾಕೆಯ ನಡುವಿನ ಅಂತರ ಜೋಳದ ಕಾಳಿನಷ್ಟೂ ಹೆಚ್ಚುಕಡಿಮೆ ಆಗುವಂತಿಲ್ಲ. ಬೀಜ ಬಿತ್ತುವ ಕೂರಿಗೆಯ ತಾಳು ಕಣ್ಣಳತೆಯಿಂದ ಕೂಡಿಸುವವನಿಗೆ ಇವರು ಟೇಪು ಹಿಡಿಯುವುದು ಕಲಿಸಿದರು. ಅದೂ ಮುಂಜಾನೆ ಏಳಕ್ಕೇ ಅಳೆಯಬೇಕು.

“ಬಿಸಲಾಗ ಕಬ್ಬಿಣ ಉದ್ದ ಆಗತೈತಿ, ಗೊತ್ತೈತೇನು?”

“ನಮ್ಮಪ್ಪ ಬಂಡಿ ಗಾಲಿಗೆ ಪಟ್ಟಿ ಕಾಸಿ ಕೂಡಸ್ತಿದ್ನರೀ. ನೀವು ಸಾಲಿಗೆ ಹೋಗೂಕಿಂತ ಮೊದಲs ನಮ್ಮ ಮನಿಯಾಗ ಅದು ಗೊತ್ತಿತ್ತು.”

“ಗೊತ್ತಿದ್ದು ಮಧ್ಯಾಹ್ನ ಅಳದೀಯಲ್ಲ, ಅದಕ್ಕೇನಂತಾರ?” ಎಂದು ಮೂರು ದಿನದ ಕೆಲಸ ಬಿಚ್ಚಿಸಿದರು. ಎಂಟು ತಿಂಗಳಲ್ಲಿ ಒಂದು ಸಲವೂ ನನ್ನ ಮಕ್ಕಳ ಹೆಸರು ಕೇಳಲಿಲ್ಲ. ನನ್ನ ಹೆಸರೇ ಅವರಿಗೆ ನೆನಪಿತ್ತೋ ಇಲ್ಲವೋ. ‘ಏ ವೆಲ್ಡರ್’ ಎನ್ನುತ್ತಿದ್ದರು. ನನ್ನ ಹೆಂಡತಿ ಕಟ್ಟಿ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ತಿಂದು, ತಿಂದದ್ದು ಮರೆತು, ಮತ್ತೆ ಸಂಜೆಗೆ “ಇವತ್ತ ಊಟ ಆಗಿಲ್ಲ ನೋಡು” ಅನ್ನುತ್ತಿದ್ದರು.

ಅವರು ಹುಡುಕುತ್ತಿದ್ದದ್ದು ದೊಡ್ಡ ಯಂತ್ರಗಳಿಗೆ ಮೊದಲೇ ಕೇಳಿಸಿದ್ದ ಒಂದು ಸತ್ತ ನಕ್ಷತ್ರ. ಸತ್ತು, ಕುಗ್ಗಿ, ಗಿರಗಿರ ತಿರುಗುತ್ತದಂತೆ. ತಿರುಗಿದಾಗೊಮ್ಮೆ ನಮ್ಮ ಕಡೆಗೆ ‘ಟಕ್’ ಎಂದು ಒಂದು ಬಡಿತ. ಐವತ್ತು ಬಡಿತಕ್ಕೆ ಒಂದು ನಿಮಿಷ, ಅದರಲ್ಲೂ ಅರ್ಧ ಸೆಕೆಂಡು ಕಡಿಮೆ.

“ಸತ್ತದ್ದು ಹೆಂಗ ತಿರಗತೈತ್ರೀ?”

“ಸ್ವಿಚ್ ಬಂದ್ ಮಾಡಿದ ಮ್ಯಾಲೂ ನಿನ್ನ ಗ್ರೈಂಡರ್ ಕಲ್ಲು ತಿರಗೂದಿಲ್ಲೇನು? ಹಂಗ.”

ಇದೊಂದು ಮಾತು ನನಗೆ ಸೇರಿತು. ಇನ್ನೊಂದು ಮಾತೂ ಇತ್ತು, ಅದನ್ನು ಅವರು ನೂರು ಸಲ ಹೇಳಿದ್ದಾರೆ. ತಮ್ಮ ಕೈಕೆಳಗೆ ಕಲಿತವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದರಂತೆ: “ನಕ್ಷತ್ರ ಇದ್ದಾಗ ಎಲ್ಲಾರೂ ಕೇಳ್ತಾರ. ಅದು ಇಲ್ಲದಾಗೂ ಕೇಳಬೇಕು. ಆವಾಗೂ ಸಪ್ಪಳ ಬಂತಂದ್ರ ಅದು ಆಕಾಶದ್ದಲ್ಲ.” ಇಷ್ಟು ತಿಳಿದುಕೊಳ್ಳಲು ನಲವತ್ತು ವರ್ಷ ಯಾಕೆ ಬೇಕು? ನಾವೂ ಎಂಜಿನ್ನಿನ ಸಪ್ಪಳ ಎಲ್ಲಿಂದ ಬರುತ್ತದೆಂದು ಒಂದೊಂದೇ ಭಾಗ ಬಂದ್ ಮಾಡಿಯೇ ನೋಡುತ್ತೇವೆ.

ಮಳೆಗಾಲದ ಕೊನೆಗೆ ಆಂಟೆನಾ ನಿಂತಿತು. ಪಕ್ಕದ ತಗಡಿನ ಕೋಣೆಯಲ್ಲಿಟ್ಟ ಕೇಳುವ ಯಂತ್ರ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಬ್ಯಾಟರಿ ಉಳಿಸಲು ನಕ್ಷತ್ರ ತಲೆಯ ಮೇಲೆ ಬರುವ ಅರ್ಧ ತಾಸಷ್ಟೇ ಅದನ್ನು ಚಾಲೂ ಮಾಡುತ್ತಿದ್ದರು. ಆಗ ಅದು ಸಂಜೆ ದೀಪ ಹಚ್ಚುವ ಹೊತ್ತಾದ ಮೇಲೆ ಬರುತ್ತಿತ್ತು. ಎರಡು ವಾರ ಬರೀ ಕರಕರ. ಮೂರನೆಯ ವಾರ ಒಂದು ಮುಂಜಾನೆ ಸಾಹೇಬರು ನನ್ನ ಅಂಗಡಿಗೆ ಬಂದರು. ಕೈಯಲ್ಲಿ ಕರದಂಟಿನ ಪೊಟ್ಟಣ. ಮುಖದ ಮೇಲೆ ನಗು. ಅವರ ಹಲ್ಲು ನಾನು ನೋಡಿದ್ದು ಅವತ್ತೇ.

“ಬಂತೋ,” ಅಂದರು. “ಟಕ್, ಟಕ್, ಟಕ್. ಐವತ್ತಕ್ಕ ಒಂದ ನಿಮಿಷ.”

“ಅರ್ಧ ಸೆಕೆಂಡ ಕಡಿಮಿ ಇರಬೇಕಲ್ರೀ?”

“ನನ್ನ ಯಂತ್ರದ ಗಡಿಯಾರ ಸ್ವಲ್ಪ ಹಳೇದೈತಿ,” ಎಂದು ಕೈ ಬೀಸಿದರು.

ಜೋಳದ ಕಾಳಿನಷ್ಟು ಅಂತರಕ್ಕೆ ನನ್ನ ಮೂರು ದಿನದ ಕೆಲಸ ಬಿಚ್ಚಿಸಿದ ಮನುಷ್ಯ ಅರ್ಧ ಸೆಕೆಂಡಿಗೆ ಕೈ ಬೀಸಿದರು. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ಹಿಗ್ಗು ನನ್ನದೂ ಆಗಿತ್ತು. ನಾನು ಬೆಸೆದ ಕಬ್ಬಿಣ ನಕ್ಷತ್ರ ಕೇಳಿದೆ! ಸಂಜೆಯೊಳಗೆ ಬಜಾರಿಗೆಲ್ಲ ಹೇಳಿ ಬಂದೆ. ಮರುದಿನ ಪೇಂಟರನ್ನು ಕರೆಸಿ ಅಂಗಡಿಯ ತಗಡಿನ ಬೋರ್ಡಿನಲ್ಲಿ ‘ಟ್ರೇಲರ್, ಕೂರಿಗೆ, ಗೇಟು’ ಎಂಬುದರ ಕೆಳಗೆ ‘ನಕ್ಷತ್ರ ಕೇಳುವ ಆಂಟೆನಾ ತಯಾರಕರು’ ಎಂದು ಬರೆಸಿದೆ. ಊರಿಗೆ ಈ ಸುದ್ದಿ ಹಬ್ಬಿಸಿದವನು ನಾನೇ. ಅದನ್ನು ಮುಚ್ಚಿಡುವುದಿಲ್ಲ.

ಹತ್ತು ದಿನ ಕಳೆಯಿತು. ಸಾಹೇಬರು ತಮ್ಮ ಹಳೆಯ ವಿದ್ಯಾರ್ಥಿಗಳಿಬ್ಬರನ್ನು ಭಾನುವಾರ ಬರಲು ಕರೆದಿದ್ದರು. ಅದರ ಹಿಂದಿನ ಶುಕ್ರವಾರ ರಾಜೇಸಾಬನ ಹೊಲದ ಗೇಟು ಬಾಗಿದೆ ಎಂದು ಸರಿಮಾಡಲು ಹೋದೆ. ಅವನ ಹೊಲ ಸಾಹೇಬರ ತಗ್ಗಿಗೆ ಹತ್ತಿದ್ದೇ. ಗೋವಿನಜೋಳಕ್ಕೆ ಕಾಡುಹಂದಿ ಬೀಳುತ್ತವೆಂದು ಹತ್ತು ಹನ್ನೊಂದು ದಿನದ ಹಿಂದೆ ಸುತ್ತಲೂ ಝಟಕಾ ತಂತಿ ಹಾಕಿಸಿದ್ದ. ಕಂಬ ನನ್ನವೇ, ಕೂಡಿಸಿದವನೂ ನಾನೇ. ಆ ಯಂತ್ರ ತಂತಿಗೆ ಬಿಟ್ಟು ಬಿಟ್ಟು ಕರೆಂಟು ಹೊಡೆಯುತ್ತದೆ. ಹಂದಿ ಸಾಯುವುದಿಲ್ಲ, ಬೆದರಿ ಓಡುತ್ತದೆ. ಕಟ್ಟೆಯ ಮೇಲೆ ಅವನ ಹಳೆಯ ರೇಡಿಯೋ ಹಾಡುತ್ತಿತ್ತು.

“ಮಿಸ್ತ್ರಿ, ನಿನ್ನ ಮಷೀನ ಹಂದಿ ಓಡಸ್ತೋ ಇಲ್ಲೋ, ನನ್ನ ಹಾಡ ಓಡಸೇತಿ ನೋಡು,” ಎಂದು ರಾಜೇಸಾಬ ಝಟಕಾ ಚಾಲೂ ಮಾಡಿದ.

ಹಾಡಿನ ನಡುವೆ ಸಪ್ಪಳ ಬಂತು. ಟಕ್. ಟಕ್. ಟಕ್.

ನನ್ನ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. ಗಡಿಯಾರ ಹಿಡಿದು ಎಣಿಸಿದೆ. ಐವತ್ತಕ್ಕೆ ಒಂದು ನಿಮಿಷ. ಪೂರಾ ಒಂದು ನಿಮಿಷ, ಅರ್ಧ ಸೆಕೆಂಡೂ ಕಡಿಮೆಯಿಲ್ಲ.

“ದಿನಾ ಯಾವಾಗ ಹಚ್ಚತೀ ಇದನ್ನ?”

“ಹೊತ್ತ ಮುಳುಗಿತಂದ್ರ ಹಚ್ಚತೇನಿ, ಮುಂಜಾನೆ ಬಂದ್. ಯಾಕ, ಮಾರಿ ಯಾಕ ಸಣ್ಣದಾತು?”

ಅವನ ಹೆಂಡತಿ ಜೋಳದ ಸಾಲಿನಿಂದಲೇ ಒದರಿದಳು: “ಅಂವ ಬೋರ್ಡ ಬರಸ್ಯಾನ, ಅದಕ್ಕ!” ಆಕೆಗೆ ಯಾರೂ ಏನೂ ಹೇಳಿರಲಿಲ್ಲ. ತಾನೇ ತಿಳಿದುಕೊಂಡಿದ್ದಳು. ಸಾಹೇಬರು ಹತ್ತು ದಿನದಲ್ಲಿ ತಿಳಿಯಲಿಲ್ಲ.

ಶನಿವಾರ ಮುಂಜಾನೆ ಹೋಗಿ ಹೇಳಿದೆ. ಹೇಳಿದರೆ ನನ್ನ ಆಂಟೆನಾವೂ ಏನೂ ಕೇಳಿಲ್ಲವೆಂದು ಆಗುತ್ತದೆ, ಗೊತ್ತಿತ್ತು. ಆದರೂ ಹೇಳಿದೆ. ಸಾಹೇಬರ ಮುಖ ಕಪ್ಪಿಟ್ಟಿತು.

“ಏಳನೆತ್ತಿ ಕಲತಾಂವ ನನಗ ನಕ್ಷತ್ರ ಯಾವುದು, ಬೇಲಿ ಯಾವುದು ಅಂತ ಹೇಳಾಕ ಬಂದೀಯೇನು?”

“ನಾ ಹೇಳೂದಿಲ್ರೀ. ನೀವs ಹೇಳಿದ್ದು ಮಾಡ್ರಿ. ನಕ್ಷತ್ರ ಇಲ್ಲದಾಗ ಕೇಳ್ರಿ. ಇವತ್ತ ನಡು ಮಧ್ಯಾಹ್ನ ಚಾಲೂ ಮಾಡ್ರಿ, ನಾ ಝಟಕಾ ಹಚ್ಚಸ್ತೇನಿ. ಹತ್ತ ದಿನದಾಗ ಒಮ್ಮೆರ ಮಾಡೀರೇನು?”

ಮಾಡಿರಲಿಲ್ಲ. ಬ್ಯಾಟರಿ ಉಳಿಸುವುದಕ್ಕೆ ಅಂದರು. ಬ್ಯಾಟರಿಯ ಮಾತಲ್ಲ ಅದು, ಹೆದರಿಕೆ. ನಲವತ್ತು ವರ್ಷ ಬೇರೆಯವರಿಗೆ ಹೇಳಿದ್ದನ್ನು ತಮ್ಮ ಮುಪ್ಪಿನ ಒಂದೇ ನಕ್ಷತ್ರದ ಮೇಲೆ ಹಚ್ಚಿ ನೋಡಲು ಅವರಿಗೆ ಎದೆಯಾಗಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ಸಾಹೇಬರು ಯಂತ್ರದ ಮುಂದೆ ಕುಳಿತರು. ಮೊಬೈಲುಗಳು ಡಬ್ಬಿಯಲ್ಲಿ. ನಾನು ಬದುವಿನ ಮೇಲೆ ನಿಂತೆ, ರಾಜೇಸಾಬ ತನ್ನ ಹೊಲದಲ್ಲಿ. ಝಟಕಾ ಹಚ್ಚಿದರೆ ಅವನ ಟವೆಲು ಮೇಲೆ, ಬಂದ್ ಮಾಡಿದರೆ ಕೆಳಗೆ. ಟವೆಲು ಮೇಲೇರಿತು. ಹಿಂದಿನಿಂದ ಸ್ಪೀಕರಿನಲ್ಲಿ ಟಕ್, ಟಕ್. ಟವೆಲು ಇಳಿಯಿತು. ಸಪ್ಪಳ ನಿಂತಿತು. ಮತ್ತೆ ಏರಿತು, ಮತ್ತೆ ಟಕ್. ಮೂರು ಸಲ ಆಯಿತು. ನಾಲ್ಕನೆಯ ಸಲಕ್ಕೆ ಸಾಹೇಬರು “ಸಾಕು” ಅಂದರು. ರಾಜೇಸಾಬನಿಗೆ ಕೇಳಿಸಲಿಲ್ಲ. ಅವನು ಇನ್ನೂ ಹತ್ತು ನಿಮಿಷ ಟವೆಲು ಏರಿಸುತ್ತ ಇಳಿಸುತ್ತ ನಿಂತಿದ್ದ.

ಇಲ್ಲಿಯವರೆಗೆ ನಡೆದದ್ದಕ್ಕೆ ನಾನು ಯಾರನ್ನೂ ತಿರಸ್ಕರಿಸುವುದಿಲ್ಲ. ಅಳತೆ ತಪ್ಪುವುದು ನನ್ನ ಅಂಗಡಿಯಲ್ಲೂ ಉಂಟು. ತಿರಸ್ಕಾರ ಬಂದದ್ದು ಭಾನುವಾರ.

ಕಾರಿನಲ್ಲಿ ಇಬ್ಬರು ಬಂದರು; ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರಿಗೂ ಕೂದಲು ಬೆಳ್ಳಗಾಗಿದ್ದವು. ಸಾಹೇಬರ ಕಾಲು ಮುಟ್ಟಿದರು. ಸಾಹೇಬರು ಹತ್ತು ದಿನದ ದಾಖಲೆ ಹಚ್ಚಿ ಕೇಳಿಸಿದರು. ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಬಾಗಿಲಲ್ಲಿ ಕಾಯುತ್ತ ನಿಂತೆ. ಆ ಹೆಣ್ಣುಮಗಳೇ ದಾರಿ ಮಾಡಿಕೊಟ್ಟಳು.

“ಸರ್, ನಕ್ಷತ್ರ ಇಲ್ಲದಾಗಲೂ ಕೇಳಿ ನೋಡಿದ್ರಾ? ನೀವೇ ನಮಗೆ ಹೇಳ್ತಿದ್ರಲ್ಲ,” ಎಂದು ನಕ್ಕಳು.

“ಕೇಳೇನಿ,” ಅಂದರು ಸಾಹೇಬರು.

ಅಷ್ಟೇ. ಏನು ಕೇಳಿಸಿತೆಂದು ಆಕೆ ಕೇಳಲಿಲ್ಲ, ಇವರು ಹೇಳಲಿಲ್ಲ. ಆಕೆ ಹೊರಗೆ ಬಂದು ಆಂಟೆನಾ ನೋಡಿ “ಇವರೇನಾ ಮಾಡಿದ್ದು? ಎಷ್ಟು ಚೆಂದ ಮಾಡಿದ್ದೀರಿ!” ಅಂದಳು. ನಾನು ಕೈ ಜೋಡಿಸಿದೆ. ನಾನೂ ಬಾಯಿ ತೆರೆಯಲಿಲ್ಲ.

ಕಾರು ಹೋದ ಮೇಲೆ ಕೇಳಿದೆ: “ಯಾಕ ಹೇಳಲಿಲ್ರೀ?”

“ನೀ ಯಾಕ ಹೇಳಲಿಲ್ಲ?”

“ನಂದ ಬಿಡ್ರಿ, ನಾ ಏಳನೆತ್ತಿ ಕಲತಾಂವ. ನಿಮಗೇನಾಗಿತ್ತು?”

ಮೊದಲು ಬಲಗೈ ಗಡಿಯಾರ ನೋಡಿದರು, ಆಮೇಲೆ ಎಡಗೈಯದು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಹೊರಗಿದ್ದ ಡಬ್ಬಿಯಿಂದ ನನ್ನ ಮೊಬೈಲು ತೆಗೆದುಕೊಂಡು ಬಂದೆ. ಮುಂದಿನ ಎರಡು ವರ್ಷ ಆ ತಗ್ಗಿನ ಕಡೆಗೆ ಕಾಲಿಡಲಿಲ್ಲ. ಬೈಲಹೊಂಗಲದಲ್ಲಿ ಬಸ್ಸು ಬದಲಿಸುವಾಗ ಅವರು ರಸ್ತೆಯ ಆಚೆ ನಿಲ್ಲುತ್ತಿದ್ದರು. ನನ್ನ ಬೋರ್ಡು ಅವರಿಗೆ ಕಾಣುತ್ತಿತ್ತು. ಅವರು ಅದನ್ನು ನೋಡುವುದು ನನಗೆ ಕಾಣುತ್ತಿತ್ತು. ಅವರೂ ತೆಗೆ ಅನ್ನಲಿಲ್ಲ, ನಾನೂ ತೆಗೆಯಲಿಲ್ಲ.

ಸಭೆಯಾದ ವಾರಕ್ಕೆ ಅವರ ತಂಗಿಯ ಮಗ ರಾಮದುರ್ಗದಿಂದ ಬಂದು, ತಗ್ಗಿನ ಕಬ್ಬಿಣ ಬಿಚ್ಚಿಕೊಂಡು ಹೋಗಿರಿ ಎಂದು ಕೀಲಿ ಕೊಟ್ಟ. ಹೋದೆ. ಆಂಟೆನಾಕ್ಕೆ ಒಂದು ಚುಕ್ಕೆ ತುಕ್ಕು ಇರಲಿಲ್ಲ. ಯಾರೋ ಬೆಸುಗೆ ಬೆಸುಗೆಗೂ ಬಣ್ಣ ಹಚ್ಚುತ್ತ ಬಂದಿದ್ದರು. ಕೈ ನಡುಗುವವರು ಹಚ್ಚಿದ ಬಣ್ಣ. ಒಳಗೆ ಮೊಬೈಲಿನ ಡಬ್ಬಿಯಲ್ಲಿ ಅವರು ದಿನಾ ಬರೆಯುವ ವಹಿ ಇತ್ತು.

ಮೊದಲೆಲ್ಲ ಇಂಗ್ಲಿಷು. ಆ ಹತ್ತು ದಿನದ ಸಾಲುಗಳನ್ನು ಪಟ್ಟಿ ಹಿಡಿದು ನೆಟ್ಟಗೆ ಹೊಡೆದುಹಾಕಿದ್ದರು. ಶನಿವಾರದ ತಾರೀಖಿನ ಮುಂದೆ ಕನ್ನಡದಲ್ಲಿ: ‘ರಾಜೇಸಾಬನ ಹಂದಿ ಬೇಲಿ. ತೋರಿಸಿದವರು: ವೆಲ್ಡರ್.’ ಅಲ್ಲಿಯೂ ನನ್ನ ಹೆಸರಿಲ್ಲ. ಎಂಟು ತಿಂಗಳು ರೊಟ್ಟಿ ತಿಂದ ಮನುಷ್ಯ!

ಭಾನುವಾರದ ಜಾಗ ಖಾಲಿ.

ಸೋಮವಾರದಿಂದ ದಿನಕ್ಕೆ ಎರಡು ಸಾಲು. ನಕ್ಷತ್ರ ಇದ್ದ ವೇಳೆ, ಇಲ್ಲದ ವೇಳೆ. ಎರಡರ ಮುಂದೆಯೂ ಒಂದೇ ಮಾತು: ‘ಇಲ್ಲ’. ಪುಟ ತಿರುಗಿಸಿದೆ. ಇಲ್ಲ, ಇಲ್ಲ, ಇಲ್ಲ. ಎರಡು ವರ್ಷ, ಒಂದು ದಿನ ಬಿಡದೆ. ರಾಜೇಸಾಬನನ್ನು ಕೇಳಿದೆ.

“ದಿನಾ ಬರ್ತಿದ್ರು, ಅರ್ಧ ತಾಸ ಝಟಕಾ ಬಂದ್ ಮಾಡಪಾ ಅಂತ. ‘ಹಂದಿ ಬಂದ್ರ?’ ಅಂದ್ರ, ನಮ್ಮ ಮನಿಯಾಕಿ ಕೈಯಾಗ ಒಂದ ಡಬ್ಬಿ ಕೊಟ್ಟು ‘ಇದನ್ನ ಬಡೀ ಅವ್ವಾ, ಇದು ನನ್ನ ಯಂತ್ರಕ್ಕ ಕೇಳಸೂದಿಲ್ಲ’ ಅಂತಿದ್ರು. ಬಡದಾಳ ಪಾಪ, ಎರಡ ವರ್ಷ.”

ಭಾನುವಾರದ್ದನ್ನು ನಾನು ಕ್ಷಮಿಸಿಲ್ಲ. ಎರಡು ವರ್ಷದಲ್ಲಿ ಆ ಇಬ್ಬರಿಗೆ ಒಂದು ಸಾಲು ಬರೆದು ಹಾಕಬಹುದಿತ್ತು, ಹಾಕಲಿಲ್ಲ. ವಹಿಯಲ್ಲಿ ಖರೆ ಬರೆದು ಡಬ್ಬಿಯಲ್ಲಿ ಮುಚ್ಚಿಡುವುದು ಎಂಥ ಖರೆ? ಆದರೆ ಕೆಲಸ ಮಾಡಿದ್ದಾರೆ. ಬಾರದ ಗಿರಾಕಿಗೆ ದಿನಾ ಬಾಗಿಲು ತೆರೆದು ಕುಳಿತ ಹಾಗೆ ಮಾಡಿದ್ದಾರೆ. ಅದನ್ನು ಕೆಲಸಗಾರನಾಗಿ ನಾನು ಇಲ್ಲ ಅನ್ನಲಾರೆ.

ವಹಿ ಹಿಡಿದು ಮಾಸ್ತರರ ಮನೆಗೆ ಹೋದೆ. ಹೊದಿಕೆ ಬದಲಿಸಬೇಕೆಂದೆ.

“ಮಿಸ್ತ್ರಿ, ‘ಇಲ್ಲ’ ಅಂತ ಹಾಕಿದ ಪುಸ್ತಕ ಯಾರ ಓದತಾರ್ರೀ? ನಿಮ್ಮ ಹೆಸರೂ ಹೋಗತೈತಿ ನೋಡ್ರಿ.”

“ಹೆಸರ ಇರಲಿ, ತೆಗೀಬ್ಯಾಡ್ರಿ. ಈ ಪುಟದ ಫೋಟೋ ಹಾಕ್ರಿ. ಅದರ ಕೆಳಗ ಹಾಕ್ರಿ ನನ್ನ ಹೆಸರ. ಆಂಟೆನಾ ಏನೂ ಕೇಳಿಲ್ಲ, ಮಾಡಿದಾಂವ ನಾನು.”

ಮಾಸ್ತರರು ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೆ ಈ ಬರಹವನ್ನೂ ಹಾಕುವುದು ಬೇಡ.

ನಿನ್ನೆ ಏಣಿ ಹಚ್ಚಿ ಬೋರ್ಡು ಇಳಿಸಿದೆ. ‘ನಕ್ಷತ್ರ ಕೇಳುವ’ ಎಂಬ ಸಾಲಿಗೆ ಗ್ರೈಂಡರ್ ಹಿಡಿದೆ. ಬಣ್ಣ ಹೋಗಿ ತಗಡು ಹೊಳೆಯಿತು. ಸ್ವಿಚ್ಚು ಬಂದ್ ಮಾಡಿದ ಮೇಲೂ ಕಲ್ಲು ತಿರುಗುತ್ತಿತ್ತು. ಅದು ನಿಲ್ಲುವ ತನಕ ಕೈಯಲ್ಲಿ ಹಿಡಿದುಕೊಂಡೇ ನಿಂತೆ.